ಹದಿಮೂರು ಬೆಂಕಿಕಡ್ಡಿ

ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹದಿನಾಲ್ಕು ವರ್ಷ ಆಯ್ತು. ಅದರಲ್ಲಿ ಹೆಚ್ಚುಕಡಿಮೆ ಹತ್ತು ವರ್ಷ ಸೆಲೆನೋಸಿಸ್ಟೀನ್ ಬಗ್ಗೆ ಒಂದೇ ಮಾತು ಹೇಳಿ ದಾಟಿಸಿದ್ದೇನೆ: ಇದು ಸೆಲೆನಿಯಂ ಇರುವ 21ನೇ ಅಮೈನೋ ಆಮ್ಲ, ಯುಜಿಎ ಕೋಡಾನ್ (ಆರ್‌ಎನ್‌ಎಯ ಮೂರಕ್ಷರದ ಪದ) ಇದ್ದಲ್ಲಿ ಬರುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಕೋಡಾನಿಗೆ ತಕ್ಕ ಅಮೈನೋ ಆಮ್ಲವನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎಯೇ ಟಿಆರ್‌ಎನ್‌ಎ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಅದರ ಬಗ್ಗೆ ಕೇಳಿಯೇಬಿಟ್ಟಳು. "ಸರ್, ಈ ಟಿಆರ್‌ಎನ್‌ಎಗೆ ಮೊದಲು ಸೆರೀನ್ ಅಂಟುತ್ತೆ, ಆಮೇಲೆ ಅದನ್ನೇ ಸೆಲೆನೋಸಿಸ್ಟೀನ್ ಮಾಡ್ತಾರೆ ಅಂತ ಪುಸ್ತಕದಲ್ಲಿದೆ. ಹಾಗಾದ್ರೆ ನಿಜವಾದ ಸೆರೀನ್ ಟಿಆರ್‌ಎನ್‌ಎಗೂ ಸೆಲೆನಿಯಂ ಹತ್ತಬೇಕಲ್ವಾ? ಯಾಕೆ ಹತ್ತಲ್ಲ?"

ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಮ್ಮಾ ಅಂದೆ. ಜುಲೈ ತಿಂಗಳು, ಮರುದಿನದಿಂದ ಮೂರು ದಿನ ಮಳೆ ರಜೆ ಕೊಟ್ಟರು. ಬಚಾವ್ ಆದೆ.

ರಜೆಯಲ್ಲಿ ಕೂತು ಓದಿದಾಗ ಮೊದಲು ಬಿದ್ದುಹೋದದ್ದು ನಾನೇ ಕಲಿಸಿದ್ದ ಒಂದು ಮಾತು. ಟಿಆರ್‌ಎನ್‌ಎಯನ್ನು ಅದರ ಆಂಟಿಕೋಡಾನ್ (ಕೋಡಾನಿಗೆ ಜೋಡಿಯಾಗುವ ಮೂರು ಅಕ್ಷರ) ನೋಡಿ ಕಿಣ್ವ ಗುರುತಿಸುತ್ತದೆ ಅಂತ ಹೇಳುತ್ತಾ ಬಂದಿದ್ದೆ. ಎಷ್ಟೋ ಕಿಣ್ವಗಳ ಮಟ್ಟಿಗೆ ಅದು ಸರಿ. ಆದರೆ ಸೆರೀನ್ ಅಂಟಿಸುವ ಕಿಣ್ವ ಆಂಟಿಕೋಡಾನ್ ಕಡೆ ತಿರುಗಿಯೂ ನೋಡುವುದಿಲ್ಲ. ಸೆರೀನ್‌ಗೆ ಆರು ಕೋಡಾನ್‌ಗಳಿವೆ, ಎಲ್ಲಕ್ಕೂ ಹೊಂದುವ ಒಂದೇ ಗುರುತು ಅಲ್ಲಿ ಸಿಗುವುದೇ ಇಲ್ಲ. ಅದು ಹಿಡಿಯುವುದು ಟಿಆರ್‌ಎನ್‌ಎಯ ಪಕ್ಕದಲ್ಲಿ ಚಾಚಿಕೊಂಡಿರುವ ಉದ್ದನೆಯ ಹೆಚ್ಚುವರಿ ತೋಳನ್ನು. ಬ್ಯಾಕ್ಟೀರಿಯಾದ ಈ ಕಿಣ್ವ ಟಿಆರ್‌ಎನ್‌ಎಯನ್ನು ಹಿಡಿದುಕೊಂಡಿರುವ ಚಿತ್ರ 1994ರಲ್ಲೇ ಸಿಕ್ಕಿದೆ: ಹುರಿ ಹಾಕಿದಂಥ ಎರಡು ಉದ್ದ ಸುರುಳಿಗಳು ಚಾಚಿ ಆ ತೋಳನ್ನು ಒತ್ತಿ ಹಿಡಿದಿರುತ್ತವೆ. ಮನುಷ್ಯರಲ್ಲಿ ಇನ್ನೊಂದು ಗುರುತೂ ಮುಖ್ಯ. ಅಮೈನೋ ಆಮ್ಲ ಅಂಟುವ ಬಾಲದ ತುದಿಯಲ್ಲಿ ಸಿಸಿಎ ಅನ್ನುವ ಮೂರಕ್ಷರ ಇದೆ, ಅದಕ್ಕೆ ತಕ್ಷಣ ಮೊದಲಿರುವ 73ನೇ ಅಕ್ಷರ ಜಿ ಆಗಿರಬೇಕು. ಲ್ಯೂಸೀನ್ ಟಿಆರ್‌ಎನ್‌ಎಗೂ ಉದ್ದ ತೋಳಿದೆ, ಆದರೆ ಅಲ್ಲಿ ಎ ಇದೆ. ಅದೊಂದನ್ನು ಜಿ ಮಾಡಿದ್ದಕ್ಕೇ ಪ್ರಯೋಗದ ಟ್ಯೂಬಿನಲ್ಲಿ ಅದು ಸೆರೀನ್ ಹಿಡಿಯಲು ಶುರು ಮಾಡಿತು. ಒಂದೇ ಅಕ್ಷರ! ಇದನ್ನು ಓದಿ ನಾನು ಎದ್ದು ಹೋಗಿ ಇನ್ನೊಂದು ಲೋಟ ಕಾಫಿ ಮಾಡಿಕೊಂಡೆ.

ಸೆಲೆನೋಸಿಸ್ಟೀನ್‌ನ ಟಿಆರ್‌ಎನ್‌ಎಯಲ್ಲೂ (ಸೆಲೆನಿಯಂ ಟಿಆರ್‌ಎನ್‌ಎ ಅನ್ನೋಣ) ಉದ್ದ ತೋಳಿದೆ, ಜಿ ಕೂಡ ಇದೆ. ಅದಕ್ಕೇ ಸೆರೀನ್ ಕಿಣ್ವ ಅದನ್ನೂ ತನ್ನದೇ ಅಂದುಕೊಂಡು ಸೆರೀನ್ ಅಂಟಿಸಿ ಕಳಿಸುತ್ತದೆ. ನಮ್ಮ ಕಡೆಯವರಿಗೆ ಹೇಳುವುದಾದರೆ ಇದು ಕಾಫಿ ಹಣ್ಣಿನ ಪಲ್ಪರ್ ಇದ್ದ ಹಾಗೆ. ಮಾಮೂಲಿ ಎರಡು ಬೀಜದ ಹಣ್ಣಾಗಲಿ, ಒಂದೇ ದುಂಡು ಬೀಜದ ಪೀಬೆರಿ ಹಣ್ಣಾಗಲಿ, ಪಲ್ಪರ್ ಎರಡರ ಸಿಪ್ಪೆಯನ್ನೂ ಸುಲಿಯುತ್ತದೆ. ಪೀಬೆರಿ ಬೇರೆಯಾಗುವುದು ಆಮೇಲೆ, ಉದ್ದ ತೂತಿನ ಜರಡಿಯಲ್ಲಿ. ಹಾಗಾದರೆ ಇಲ್ಲಿ ಆ ಜರಡಿ ಯಾವುದು? ಹುಡುಗಿ ಕೇಳಿದ್ದು ಅದನ್ನೇ.

ಓದಿದರೆ ತಲೆಗೆ ಹೋಗಲಿಲ್ಲ. ಮಾಡಿ ನೋಡೋಣ ಅನಿಸಿತು. ಎರಡನೇ ದಿನ ಬೆಳಿಗ್ಗೆಯೇ ಕರೆಂಟ್ ಹೋಗಿತ್ತು, ಇನ್ವರ್ಟರ್ ಮಧ್ಯಾಹ್ನಕ್ಕೆ ಕೈಕೊಟ್ಟಿತು, ಲ್ಯಾಪ್‌ಟಾಪ್ ಸತ್ತುಹೋಯ್ತು. ಅದೃಷ್ಟಕ್ಕೆ ಮನುಷ್ಯರ ಸೆಲೆನಿಯಂ ಟಿಆರ್‌ಎನ್‌ಎಯ 90 ಅಕ್ಷರಗಳನ್ನು ಹಿಂದಿನ ರಾತ್ರಿಯೇ ಚೌಕುಳಿ ಹಾಳೆಯಲ್ಲಿ ಬರೆದಿಟ್ಟಿದ್ದೆ. ಪೆನ್ಸಿಲ್ ಹಿಡಿದು ಮಡಚಲು ಕೂತೆ. ಪುಸ್ತಕದಲ್ಲಿ ಮಡಚಿದ ಟಿಆರ್‌ಎನ್‌ಎ ಮೂರೆಲೆಯಂತೆ ಕಾಣುತ್ತದೆ: ಬಾಲ ಇರುವ ಬುಡದ ಕಾಂಡ, ಅದರ ಎರಡು ಪಕ್ಕಕ್ಕೆ ಡಿ ತೋಳು ಮತ್ತು ಟಿ ತೋಳು, ಎದುರುಬದುರು ಕೂಡುವ ಎರಡು ಅಕ್ಷರ ಒಂದು ಜೋಡಿ. ಆ ಚಿತ್ರದ ಅಭ್ಯಾಸ ಬಲದಿಂದ ಬುಡದ ಕಾಂಡಕ್ಕೆ 7 ಜೋಡಿ, ಟಿ ತೋಳಿಗೆ 5 ಜೋಡಿ ಹಾಕಿದೆ. ನಡುವೆ ಎರಡೂ ಕಡೆ ಅಕ್ಷರಗಳು ಒಂಟಿಯಾಗಿ ಉಳಿದವು, ಒಂದಕ್ಕೊಂದು ಜೋಡಿಯಾಗುವಂತೆ ಎದುರುಬದುರು. ಅಳಿಸಿ 9 ಮತ್ತು 4 ಹಾಕಿದೆ. ಕೂತುಕೊಂಡಿತು. ನಂತರ ಓದಿದಾಗ ತಿಳಿಯಿತು, 7/5 ಸರಿಯೋ 9/4 ಸರಿಯೋ ಅಂತ ಒಂದು ಕಾಲಕ್ಕೆ ವಿಜ್ಞಾನಿಗಳೇ ವಾದ ಮಾಡಿದ್ದರಂತೆ. 2009ರಲ್ಲಿ ಅದನ್ನು ಹರಳು ಕಟ್ಟಿಸಿ ಎಕ್ಸ್-ರೇಯಿಂದ ತೆಗೆದ ಚಿತ್ರ ಬಂದಾಗ ಕಂಡದ್ದು 9/4.

ಆಮೇಲೆ ಮಾದರಿ. ತೋಟದ ಬೇಲಿಗೆ ತಂದ ಬೈಂಡಿಂಗ್ ವೈರ್ ಉಳಿದಿತ್ತು, ಅದು ಎರಡು ಬೆನ್ನು. ಪ್ರತಿ ಬೇಸ್ ಜೋಡಿಗೆ ಒಂದು ಬೆಂಕಿಕಡ್ಡಿ, ಕಟ್ಟಲು ಹೊಲಿಗೆ ದಾರ. ಮಡಿಕೇರಿ ಮಳೆಯಲ್ಲಿ ಬೆಂಕಿಕಡ್ಡಿಯಿಂದ ಬೇರೆ ಉಪಯೋಗವೇನೂ ಇಲ್ಲ, ಗೀರಿದರೆ ಮದ್ದೇ ಉದುರುತ್ತದೆ. ಪಕ್ಕದಲ್ಲಿ ಸೆರೀನ್ ಟಿಆರ್‌ಎನ್‌ಎಯದೂ ಒಂದು ಮಾಡಿದೆ. ಬುಡದ ಕಾಂಡದ ಮೇಲೆ ಟಿ ತೋಳು ನೇರವಾಗಿ ಕೂರುತ್ತದೆ, ಆದ್ದರಿಂದ ಎರಡನ್ನೂ ಸೇರಿಸಿ ಒಂದೇ ಕೋಲು ಅಂತ ಎಣಿಸಬಹುದು. ಸೆರೀನ್‌ದು 7 ಮತ್ತು 5, ಒಟ್ಟು 12 ಕಡ್ಡಿ. ಸೆಲೆನಿಯಂದು 9 ಮತ್ತು 4, ಒಟ್ಟು 13.

ಒಂದೇ ಕಡ್ಡಿ ವ್ಯತ್ಯಾಸ. ಪಕ್ಕಪಕ್ಕ ಇಟ್ಟೆ, ನನ್ನ ಕಣ್ಣಿಗೇ ತಿಳಿಯಲಿಲ್ಲ. ಕಿಣ್ವಕ್ಕೆ ಹೇಗೆ ತಿಳಿಯುತ್ತದೆ ಅಂತ ಅನುಮಾನ ಬಂತು.

ತಪ್ಪು ನನ್ನದೇ. ಏಣಿಯನ್ನು ಚಪ್ಪಟೆ ಕಟ್ಟಿದ್ದೆ. ಆರ್‌ಎನ್‌ಎ ಏಣಿ ಸುತ್ತಿಕೊಂಡಿರುತ್ತದೆ, ಸುಮಾರು 11 ಜೋಡಿಗೆ ಒಂದು ಪೂರ್ತಿ ಸುತ್ತು. ಅಂದರೆ ಒಂದು ಕಡ್ಡಿ ಜಾಸ್ತಿ ಆದರೆ ಉದ್ದ ಸ್ವಲ್ಪ ಬೆಳೆಯುತ್ತದೆ ಅಷ್ಟೇ ಅಲ್ಲ, ತುದಿ ಸುಮಾರು 33 ಡಿಗ್ರಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಎರಡೂ ಏಣಿಗಳನ್ನು ಹಿಡಿದು ತಿರುಚಿದೆ, ಟಿ ತೋಳಿನ ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದೆ. ಒಂದರ ಸಿಸಿಎ ಬಾಲ ಕಿಟಕಿ ಕಡೆ ನೋಡುತ್ತಿತ್ತು, ಇನ್ನೊಂದರದ್ದು ಬಾಗಿಲ ಕಡೆಗೆ ವಾಲಿತ್ತು. ಆಗ ಅರ್ಥ ಆಯ್ತು.

ಮನುಷ್ಯರಲ್ಲಿ ಸೆಲೆನಿಯಂ ಹಾಕುವ ಕಿಣ್ವ ಸೆಪ್‌ಸೆಕ್‌ಎಸ್. ಇದು ನಾಲ್ಕು ತುಂಡುಗಳ ಕಿಣ್ವ. ಎರಡು ತುಂಡು ಸೇರಿ ಟಿಆರ್‌ಎನ್‌ಎಯ ಮೈ ಹಿಡಿಯುತ್ತವೆ, ಕೆಲಸ ನಡೆಯುವ ಗುಳಿ ಇರುವುದು ಎದುರಿನ ಜೋಡಿಯಲ್ಲಿ. ಇಲ್ಲಿ ಹಿಡಿದರೆ ಬಾಲ ಅಲ್ಲಿಗೆ ಮುಟ್ಟಬೇಕು, 13 ಜೋಡಿಯ ಕೋಲಿಗೆ ಸರಿಹೊಂದುವ ಜಾಗ ಅದು. ಸಾಲದ್ದಕ್ಕೆ ಬರೀ ಸೆರೀನ್ ಇದ್ದರೆ ಇದು ಕೆಲಸವನ್ನೇ ಮಾಡುವುದಿಲ್ಲ, ಸೆರೀನ್ ಮೇಲೆ ಫಾಸ್ಫೇಟ್ ಇರಬೇಕು.

ಆ ಫಾಸ್ಫೇಟ್ ಹಾಕುವುದು ಪಿಎಸ್‌ಟಿಕೆ ಅನ್ನುವ ಕಿಣ್ವ, ಮೊದಲ ಜರಡಿ ಅದೇ. ಮನುಷ್ಯರಲ್ಲಿ ಅದು ಮುಖ್ಯವಾಗಿ ನೋಡುವುದು ಡಿ ತೋಳನ್ನು. ಮಾಮೂಲಿ ಟಿಆರ್‌ಎನ್‌ಎಗಳಲ್ಲಿ ಡಿ ತೋಳಿಗೆ 3 ಅಥವಾ 4 ಜೋಡಿ, ಮೇಲೆ ದೊಡ್ಡ ಕುಣಿಕೆ. ಸೆಲೆನಿಯಂದರಲ್ಲಿ 6 ಜೋಡಿ, ಕುಣಿಕೆ ಬರೀ 4 ಅಕ್ಷರದ್ದು. ಇದು ಮಾತ್ರ ನನ್ನ ಮಾದರಿಯಲ್ಲಿ ದೂರದಿಂದಲೇ ಕಾಣುತ್ತಿತ್ತು, ಒಂದರಲ್ಲಿ ಮೊಂಡು ಗಿಡ್ಡ, ಇನ್ನೊಂದರಲ್ಲಿ ನೆಟ್ಟಗೆ ನಿಂತ ಕಡ್ಡಿ. ಫಾಸ್ಫೇಟ್ ಹತ್ತಿದ ಸೆರೀನ್ ಇರುವ ಟಿಆರ್‌ಎನ್‌ಎ 1970ರಲ್ಲೇ ಕಣ್ಣಿಗೆ ಬಿದ್ದಿತ್ತು, ಅದನ್ನು ಮಾಡುವ ಕಿಣ್ವದ ಜೀನ್ ಕೈಗೆ ಸಿಕ್ಕಿದ್ದು 2004ರಲ್ಲಿ. ಮೂವತ್ತನಾಲ್ಕು ವರ್ಷ! ನಾನು ಹತ್ತು ವರ್ಷ ದಾಟಿಸಿದ್ದು ಅಷ್ಟು ದೊಡ್ಡ ತಪ್ಪೇನಲ್ಲ ಬಿಡಿ ಅಂತ ಸಮಾಧಾನ ಮಾಡಿಕೊಂಡೆ.

ಪೀಬೆರಿ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಕಾಫಿಯಲ್ಲಿ ಒಂದು ಸಲ ಜರಡಿ ಹಿಡಿದರೆ ಆಯ್ತು. ಇಲ್ಲಿ ಒಂದೇ ಟಿಆರ್‌ಎನ್‌ಎಯನ್ನು ಮೂರು ಕಿಣ್ವಗಳು ಮೂರು ಕಡೆ ಮುಟ್ಟಿ ನೋಡುತ್ತವೆ, ಮೂರೂ ಬಿಟ್ಟದ್ದು ಆಂಟಿಕೋಡಾನನ್ನು!

ರಜೆ ಮುಗಿದ ಮೇಲೆ ಎರಡೂ ಮಾದರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಆ ಹುಡುಗಿಗೇ ಕೊಟ್ಟು, ಎರಡು ಬೆರಳಿನಿಂದ ಉದ್ದ ತೋಳು ಹಿಡಿ, ನೀನೀಗ ಸೆರೀನ್ ಕಿಣ್ವ ಅಂದೆ. ಎರಡನ್ನೂ ಹಿಡಿದಳು, ಯಾವ ವ್ಯತ್ಯಾಸವೂ ಇಲ್ಲ ಸರ್ ಅಂದಳು. ಈಗ ಡಿ ತೋಳು ಮುಟ್ಟು ಅಂದೆ. ನಕ್ಕಳು. ನಂತರ ಬ್ಯಾಕ್ಟೀರಿಯಾದ ಕಥೆ ಹೇಳಿದೆ: ಅಲ್ಲಿ ಫಾಸ್ಫೇಟ್ ಹಂತವೇ ಇಲ್ಲ, ಸೆಲ್‌ಎ ಅನ್ನುವ ಒಂದೇ ಕಿಣ್ವ ಸೆರೀನ್‌ನಿಂದ ನೇರ ಸೆಲೆನೋಸಿಸ್ಟೀನ್ ಮಾಡುತ್ತದೆ, ಹತ್ತು ತುಂಡು ಸೇರಿದ ಬಳೆಯಂಥ ಕಿಣ್ವ, ಅದೂ ಡಿ ತೋಳನ್ನೇ ಹಿಡಿಯುತ್ತದೆ. ಆದರೆ ಆ ಟಿಆರ್‌ಎನ್‌ಎಯಲ್ಲಿ ಬುಡಕ್ಕೆ 9 ಇಲ್ಲ, 8 ಜೋಡಿ ಮಾತ್ರ ಅಂದೆ.

ಅವಳು ನನ್ನ ಮಾದರಿಯ ದಾರ ಬಿಚ್ಚಿ ಒಂದು ಕಡ್ಡಿ ತೆಗೆದಳು, ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. "ಟಿ ತೋಳಿಗೆ ಎಷ್ಟು ಸರ್?"

ಐದು ಅಂದೆ. ತೆಗೆದ ಕಡ್ಡಿಯನ್ನೇ ಅಲ್ಲಿ ಕಟ್ಟಿದಳು.