ನಾಟಿ ಹೇಂಟೆಯನ್ನು ಕಾವಿಗೆ ಕೂರಿಸುವ ಕ್ರಮ

ಮೂಡಿಗೆರೆ, ಸಕಲೇಶಪುರದ ಕಡೆಯವರು ಜೂನ್‌ನಿಂದ ಆಗಸ್ಟ್‌ವರೆಗೆ ಕೋಳಿಯನ್ನು ಕಾವಿಗೆ ಕೂರಿಸದಿರುವುದೇ ಒಳ್ಳೆಯದು. ಮರಿಯೇನೋ ಏಳುತ್ತವೆ, ಆದರೆ ಒದ್ದೆ ನೆಲ ಮತ್ತು ಥಂಡಿಗೆ ಅರ್ಧಕ್ಕರ್ಧ ಹೋಗಿಬಿಡುತ್ತವೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯ ತನಕ ಸರಿಯಾದ ಕಾಲ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಮಳೆಗಿಂತ ಮಾರ್ಚ್-ಏಪ್ರಿಲ್‌ನ ಬಿಸಿಲಿನ ಕಾಟವೇ ಹೆಚ್ಚು. ಕೂಡಿಟ್ಟ ಮೊಟ್ಟೆ ಆ ಸೆಕೆಗೆ ಒಳಗೇ ಚೂರು ಬೆಳೆದು ಸತ್ತುಹೋಗುತ್ತದೆ.

ಕಾವಿಗೆ ಬಂದ ಹೇಂಟೆಯನ್ನು ಗುರುತಿಸುವುದು ಕಷ್ಟವಲ್ಲ. ಮೊಟ್ಟೆ ಇಡುವುದು ನಿಂತಿರುತ್ತದೆ, ಗೂಡು ಬಿಟ್ಟು ಏಳುವುದಿಲ್ಲ, ಕೈ ಚಾಚಿದರೆ ಮೈಯೆಲ್ಲ ಉಬ್ಬಿಸಿ ಕೊರ್ ಎನ್ನುತ್ತದೆ, ಎದೆಯ ಪುಕ್ಕ ಉದುರಿ ಚರ್ಮ ಬಿಸಿಯಾಗಿರುತ್ತದೆ. ಆದರೂ ಒಳ್ಳೆಯ ಮೊಟ್ಟೆಗಳನ್ನು ತಕ್ಷಣ ಕೊಡಬೇಡಿ. ಹಳೆಯ ಎರಡು ಮೊಟ್ಟೆ ಇಟ್ಟು ಎರಡು ದಿನ ನೋಡಿ. ಅಲುಗದೆ ಕೂತರೆ ಆ ಹೇಂಟೆಯನ್ನು ನಂಬಬಹುದು.

ಮರಿ ಕಡಿಮೆಯಾದರೆ ಎಲ್ಲರೂ ಕೋಳಿಯನ್ನು ಬೈಯುತ್ತಾರೆ. ತಪ್ಪು ಬಹುತೇಕ ಮೊಟ್ಟೆ ಆರಿಸಿದವರದೇ ಆಗಿರುತ್ತದೆ. ಏಳು ದಿನದೊಳಗಿನ ಮೊಟ್ಟೆ ಉತ್ತಮ, ಹತ್ತು ದಿನ ದಾಟಿದ್ದು ಬೇಡ. ಇಟ್ಟ ದಿನವೇ ಸೀಸದ ಕಡ್ಡಿಯಲ್ಲಿ ತಾರೀಖು ಬರೆಯಿರಿ. ಫ್ರಿಜ್ಜಿನಲ್ಲಿಡಬೇಡಿ. ರಾಗಿ ತುಂಬಿದ ಮಡಕೆಯಲ್ಲಿ ಚೂಪು ತುದಿ ಕೆಳಗೆ ಮಾಡಿ, ತಣ್ಣನೆಯ ಮೂಲೆಯಲ್ಲಿಡಿ, ದಿನಕ್ಕೊಮ್ಮೆ ಚೂರು ವಾಲಿಸಿ. ತೀರಾ ದೊಡ್ಡದು, ತೀರಾ ಸಣ್ಣದು, ಕೂದಲೆಳೆಯಷ್ಟು ಸೀಳಿದ್ದು, ಹಿಕ್ಕೆ ಮೆತ್ತಿದ್ದು ಅಡುಗೆಗೆ ಹೋಗಲಿ. ಕೊಳೆಯಾಗಿದೆಯೆಂದು ನೀರಿನಲ್ಲಿ ತೊಳೆದರೆ ಚಿಪ್ಪಿನ ಮೇಲಿನ ತೆಳು ಲೇಪ ಹೋಗಿ ರೋಗಾಣು ಒಳಗೆ ಇಳಿಯುತ್ತದೆ. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಜೊತೆಗಿರಲೇಬೇಕು, ಇಲ್ಲದಿದ್ದರೆ ಎಷ್ಟು ಕೂರಿಸಿದರೂ ಮರಿಯಿಲ್ಲ. ಚೂಪು ಮೊಟ್ಟೆ ಹುಂಜ, ದುಂಡನೆಯದು ಹೇಂಟೆ ಎಂಬ ಲೆಕ್ಕವನ್ನು ಮಾತ್ರ ನೆಚ್ಚಬೇಡಿ.

ಗೂಡಿಗೆ ಹಳೆಯ ಬಿದಿರು ಕುಕ್ಕೆಯೇ ಸಾಕು: ಅಗಲ ಒಂದೂಕಾಲು ಅಡಿ, ಆಳ ಅರ್ಧ ಅಡಿ. ತಳಕ್ಕೆ ಎರಡು ಇಂಚು ಒಣ ಮಣ್ಣು ಮತ್ತು ಒಲೆಯ ಬೂದಿ, ಅದರ ಮೇಲೆ ಲಕ್ಕಿ ಸೊಪ್ಪು ಅಥವಾ ಬೇವಿನ ಸೊಪ್ಪು, ಮೇಲೆ ಒಣ ಭತ್ತದ ಹುಲ್ಲು. ನಡುವೆ ಮುಷ್ಟಿಯಿಂದ ಒತ್ತಿ ತಟ್ಟೆಯಷ್ಟು ತಗ್ಗು ಮಾಡಿ. ತಗ್ಗು ಹೆಚ್ಚಾದರೆ ಮೊಟ್ಟೆಗಳು ಒಂದರ ಮೇಲೊಂದು ಬಿದ್ದು ಒಡೆಯುತ್ತವೆ, ಇಲ್ಲದಿದ್ದರೆ ಅಂಚಿಗೆ ಉರುಳಿ ಕಾವು ಸಿಗದೆ ಹೋಗುತ್ತವೆ. ಬೂದಿ, ಸೊಪ್ಪು ಹೇನಿಗಾಗಿ. ಹೇನು ತುಂಬಿದ ಹೇಂಟೆ ಕಡಿತ ತಾಳಲಾರದೆ ಹತ್ತು-ಹದಿನೈದನೇ ದಿನಕ್ಕೆ ಗೂಡು ಬಿಟ್ಟು ಹೋಗುತ್ತದೆ. ಕುಕ್ಕೆಯನ್ನು ನೆಲದಲ್ಲಿ ಇಡದೆ ನಾಲ್ಕು ಕಲ್ಲಿನ ಮೇಲೆ ಏರಿಸಿ, ಕಲ್ಲಿನ ಸುತ್ತ ಬೂದಿ ಸುರಿಯಿರಿ, ಇರುವೆ ಹತ್ತುವುದಿಲ್ಲ.

ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಗೂಡಿನಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಇಟ್ಟರೆ ನಷ್ಟವಿಲ್ಲ. ಗುಡುಗಿನ ಕಾಲದ ಸೆಕೆ ಮತ್ತು ತೇವವೇ ಮೊಟ್ಟೆ ಕೆಡಿಸುವುದು.

ನಾಟಿ ಹೇಂಟೆಗೆ ಹತ್ತು-ಹನ್ನೆರಡು ಮೊಟ್ಟೆ ಸಾಕು. ಹದಿನೈದು ಇಟ್ಟರೆ ಹನ್ನೆರಡು ಇಟ್ಟಾಗ ಬರುವುದಕ್ಕಿಂತ ಕಡಿಮೆ ಮರಿ ಬಂದರೂ ಆಶ್ಚರ್ಯವಿಲ್ಲ, ಏಕೆಂದರೆ ಹೊರಗುಳಿದ ಮೊಟ್ಟೆ ಸರದಿಯಲ್ಲಿ ಬದಲಾಗುತ್ತ ಎಲ್ಲವೂ ತಣ್ಣಗಾಗುತ್ತವೆ. ಕತ್ತಲಾದ ಮೇಲೆ ಕೂರಿಸಿ, ಅಷ್ಟನ್ನೂ ಒಂದೇ ಸಲ ಇಡಿ. ದಿನಕ್ಕೊಂದು ಸೇರಿಸುತ್ತ ಹೋದರೆ ಮೊದಲು ಎದ್ದ ಮರಿಗಳನ್ನು ಕರೆದುಕೊಂಡು ತಾಯಿ ಹೊರಟುಬಿಡುತ್ತದೆ, ಉಳಿದವು ಚಿಪ್ಪಿನಲ್ಲೇ ಸಾಯುತ್ತವೆ.

ಲೆಕ್ಕ 21 ದಿನ. ದಿನಕ್ಕೊಮ್ಮೆ, ಹೆಚ್ಚಾಗಿ ಬೆಳಿಗ್ಗೆ, ಹೇಂಟೆ ತಾನೇ ಎದ್ದು ಹಿಕ್ಕೆ ಹಾಕಿ, ತಿಂದು, ಬೂದಿಯಲ್ಲಿ ಹೊರಳಿ, ಹದಿನೈದು-ಇಪ್ಪತ್ತು ನಿಮಿಷದಲ್ಲಿ ವಾಪಸಾಗಬೇಕು. ಏಳದಿದ್ದರೆ ರೆಕ್ಕೆಯಡಿ ಮೊಟ್ಟೆ ಸಿಕ್ಕಿಲ್ಲವೆಂದು ನೋಡಿ ಮೆಲ್ಲನೆ ಎತ್ತಿ ಹೊರಗಿಡಿ. ಹತ್ತಿರದಲ್ಲೇ ರಾಗಿ, ಭತ್ತ, ನೀರು ಇರಲಿ.

ಏಳನೇ ರಾತ್ರಿ ಮೊಟ್ಟೆ ನೋಡುವ ಕೆಲಸ ಮಕ್ಕಳಿಗೆ ಕೊಡಿ, ಇಷ್ಟು ಆಸೆಯಿಂದ ಅವರು ಮಾಡುವ ಕೆಲಸ ಇನ್ನೊಂದಿಲ್ಲ. ರಟ್ಟಿನಲ್ಲಿ ರೂಪಾಯಿ ನಾಣ್ಯದಷ್ಟು ತೂತು ಮಾಡಿ ಟಾರ್ಚಿನ ಬಾಯಿಗೆ ಹಿಡಿಯಬೇಕು. ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಯನ್ನು ತೂತಿನ ಮೇಲಿಟ್ಟರೆ, ಬದುಕಿದ್ದರಲ್ಲಿ ಜೇಡನ ಕಾಲಿನಂತೆ ಕೆಂಪು ನರಗಳು ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಚೂರು ಕಾದು ನೋಡಿದರೆ ಆ ಚುಕ್ಕೆ ಅಲುಗುವುದೂ ಕಂಡೀತು. ಬರೀ ಹಳದಿ ಬೆಳಕಿದ್ದರೆ ಹುಂಜ ಸೇರದ ಮೊಟ್ಟೆ. ಕೆಂಪು ಉಂಗುರದಂತೆ ಕಂಡರೆ ಒಳಗಿದ್ದದ್ದು ಸತ್ತಿದೆ. ಈ ಎರಡನ್ನೂ ತೆಗೆಯಿರಿ, ಬಿಟ್ಟರೆ ಕೊಳೆತು ಸಿಡಿದು ಪಕ್ಕದವನ್ನೂ ಕೆಡಿಸುತ್ತವೆ. ಹದಿನೆಂಟನೇ ದಿನದ ನಂತರ ಯಾವ ಮೊಟ್ಟೆಯನ್ನೂ ಮುಟ್ಟಬಾರದು.

ಚಿಪ್ಪು ಬಿರಿದ ಮರಿ ಹೊರಬರಲು ಒಂದು ದಿನವೇ ಹಿಡಿಯಬಹುದು. ಕನಿಕರಪಟ್ಟು ಚಿಪ್ಪು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ, ಹೊಟ್ಟೆಯೊಳಗೆ ಸೇರಬೇಕಾದ ಹಳದಿ ಹೊರಗೇ ಉಳಿಯುತ್ತದೆ. ಆ ಹಳದಿಯ ಬಲದಿಂದಲೇ ಮರಿ ಮೊದಲ ದಿನ ಏನೂ ತಿನ್ನದೆ ಇರಬಲ್ಲದು. 23ನೇ ದಿನಕ್ಕೂ ಒಡೆಯದ್ದನ್ನು ದೂರ ಹೂತುಬಿಡಿ.

ಮರಿಗಳಿಗೆ ಮೊದಲು ಕಾಯಿಸಿ ಆರಿಸಿದ ನೀರು, ಲೀಟರಿಗೆ ಎರಡು ಚಮಚ ಬೆಲ್ಲ. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಆಮೇಲೆ ರಾಗಿ, ನುಚ್ಚಕ್ಕಿ, ತೋಟದ ಗೆದ್ದಲು. ಕಡಲೆಕಾಯಿ ಹಿಂಡಿಗೆ ಬೂಸಲು ಹಿಡಿದಿದ್ದರೆ ಒಂದು ಚಿಟಿಕೆಯನ್ನೂ ಹಾಕಬೇಡಿ, ಅದರ ವಿಷ ಮರಿಗಳ ಯಕೃತ್ತನ್ನೇ ಹಾಳುಮಾಡುತ್ತದೆ. ಕಾಫಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ದಿನ ಡ್ರಮ್ಮಿನ ಸುತ್ತ ನಿಂತ ನೀಲಿ ನೀರಿನ ಹತ್ತಿರ ಹೋಗಗೊಡಬೇಡಿ.

ಮೊದಲ ಹದಿನೈದು ದಿನ ಹದ್ದು, ಮುಂಗುಸಿಯ ಭಯ ಹೆಚ್ಚು, ಆದ್ದರಿಂದ ತಾಯಿ-ಮರಿಯನ್ನು ಮುಚ್ಚುವ ಕುಕ್ಕೆ ಬೇಕು. ಮೂರು ವರ್ಷ ಬಲಿತ ಬಿದಿರನ್ನು ಕಡಿದು, ಎರಡು ವಾರ ನೀರಿನಲ್ಲಿ ನೆನೆಹಾಕಿ. ಎಳೆಯದಾದರೆ ಬೇಗ ಕುಟ್ಟೆ ಹಿಡಿಯುತ್ತದೆ. ಬೆರಳಗಲದ ಎಂಟು ಉದ್ದ ಸೀಳುಗಳನ್ನು ನಡುವೆ ಒಂದರ ಮೇಲೊಂದು ಅಡ್ಡವಾಗಿ ಇಟ್ಟು ಕಟ್ಟಿದರೆ ಹದಿನಾರು ಕಡ್ಡಿಗಳಾಗುತ್ತವೆ. ಅವುಗಳಲ್ಲಿ ಒಂದನ್ನು ಸೀಳಿ ಹದಿನೇಳು ಮಾಡಲೇಬೇಕು. ಕಡ್ಡಿ ಸಮಸಂಖ್ಯೆಯಲ್ಲಿದ್ದರೆ ಒಂದೇ ಸೀಳಿನಿಂದ ಸುತ್ತುವ ಹೆಣಿಗೆ ಪ್ರತಿ ಸುತ್ತಿನಲ್ಲೂ ಅದೇ ಕಡ್ಡಿಯ ಮೇಲೆ ಬಂದು ಹಿಡಿತ ಸಿಗದೆ ಜಾರುತ್ತದೆ. ಬಾಯಿ ಎರಡೂವರೆ ಅಡಿ, ಎತ್ತರ ಒಂದೂವರೆ ಅಡಿ, ಸಂದು ಅರ್ಧ ಇಂಚು ಇರಲಿ. ಮೇಲೆ ಒಂದು ಕಲ್ಲು ಹೇರಿ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಎಂಬ ಲಸಿಕೆ, ಕಣ್ಣಿಗೆ ಒಂದು ಹನಿ. 28ನೇ ದಿನ ಮತ್ತೊಮ್ಮೆ, ಎಂಟನೇ ವಾರ ಅದೇ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು. ಸೀಸೆ ಸಾಮಾನ್ಯವಾಗಿ ನೂರು ಮರಿಗಾಗುವಷ್ಟಿರುತ್ತದೆ, ಅಕ್ಕಪಕ್ಕದ ಮನೆಗಳೊಡನೆ ಒಂದೇ ದಿನ ಗೊತ್ತುಮಾಡಿಕೊಳ್ಳಿ. ಪಶು ಆಸ್ಪತ್ರೆಯಿಂದ ಮಂಜುಗಡ್ಡೆ ಹಾಕಿದ ಥರ್ಮಾಸಿನಲ್ಲಿ ತಂದು, ಕಲಸಿದ ಎರಡು ಗಂಟೆಯೊಳಗೆ ಮುಗಿಸಿ.