ಬೇಲಿಯ ನೆಕ್ಕಿ: ಗುರುತು ಹಿಡಿಯುವುದರಿಂದ ಎಣ್ಣೆ ಕಾಯಿಸುವವರೆಗೆ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಉಡುಪಿಗೆ ಬಂದಿದ್ದ ಅಣ್ಣನ ಮಗ ನಮ್ಮ ಹಿತ್ತಿಲ ಬೇಲಿಯನ್ನು ನೋಡಿ ದನಿ ತಗ್ಗಿಸಿ ಕೇಳಿದ: “ಅತ್ತೆ, ಇದನ್ನು ಬೆಳೆಸಿದರೆ ಪೊಲೀಸರು ಬರುವುದಿಲ್ಲವೇ?” ಅವನ ತಪ್ಪಲ್ಲ. ಐದು ಬೆರಳು ಬಿಡಿಸಿಟ್ಟಂತಿರುವ ನೆಕ್ಕಿಯ ಎಲೆ ದೂರದಿಂದ ಗಾಂಜಾ ಎಲೆಯ ಹಾಗೆಯೇ ಕಾಣುತ್ತದೆ. ಒಂದೆಲೆ ಕಿತ್ತು ಹೊಸಕಿ ಅವನ ಮೂಗಿಗೆ ಹಿಡಿದೆ. “ಅಜ್ಜಿಯ ಬಚ್ಚಲಿನ ವಾಸನೆ!” ಎಂದ.

ಹೌದು, ಅದೇ ವಾಸನೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಬಾಣಂತಿಯ ಸ್ನಾನದ ಹಂಡೆಗೆ ಬೀಳುತ್ತಿದ್ದ ಸೊಪ್ಪು ಇದು. ಕನ್ನಡದಲ್ಲಿ ಲಕ್ಕಿ, ನಮ್ಮ ಕಡೆ ನೆಕ್ಕಿ, ಆಯುರ್ವೇದದಲ್ಲಿ ನಿರ್ಗುಂಡಿ, ಸಸ್ಯಶಾಸ್ತ್ರದಲ್ಲಿ ವೈಟೆಕ್ಸ್ ನೆಗುಂಡೊ. ಈಗ ಇದನ್ನು ತುಳಸಿಯ ಕುಟುಂಬಕ್ಕೆ ಸೇರಿಸಿದ್ದಾರೆ. ದನ ಬಾಯಿ ಹಾಕುವುದಿಲ್ಲ ಎಂಬ ಕಾರಣಕ್ಕೇ ಹಿರಿಯರು ಬೇಲಿಗೆ ನೆಟ್ಟರು, ಔಷಧ ಕೈಯಳತೆಯಲ್ಲಿ ಉಳಿಯಿತು.

ಮೊದಲು ಗುರುತು

ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಗೆ, ಕಷಾಯಕ್ಕೆಂದು ಪಾಲೆ ಮರದ ತೊಗಟೆ ತರಲು ಕತ್ತಲಲ್ಲಿ ಹೋದವರು ವಿಷದ ಕಾಸರಕ ಮರದ ತೊಗಟೆ ತಂದಾರು ಎಂಬ ಎಚ್ಚರಿಕೆಯನ್ನು ಪ್ರತಿ ವರ್ಷ ಕೇಳುತ್ತೇವೆ. ನೆಕ್ಕಿಯ ವಿಷಯದಲ್ಲಿ ಅಂಥ ಪ್ರಾಣಾಪಾಯದ ಭಯವಿಲ್ಲ, ಆದರೆ ಗೊಂದಲ ಬೇಕಾದಷ್ಟಿದೆ.

ಒಂದೇ ತೊಟ್ಟಿನಿಂದ ಸಾಮಾನ್ಯವಾಗಿ ಐದು, ಕೆಲವೊಮ್ಮೆ ಮೂರು ಕಿರು ಎಲೆಗಳು ಹೊರಡುತ್ತವೆ. ನಡುವಿನವು ಉದ್ದ, ಅವಕ್ಕೆ ಪುಟ್ಟ ತೊಟ್ಟೂ ಇರುತ್ತದೆ. ಕೆಳಗಿನ ಎರಡು ಗಿಡ್ಡ, ತೊಟ್ಟು ಇದ್ದೂ ಇಲ್ಲದಂತೆ. ಎಲೆ ಮೇಲ್ಗಡೆ ಹಸಿರು, ಮಗುಚಿದರೆ ಬೂದಿ ಸವರಿದ ಹಾಗೆ ಬಿಳಿಚು. ಎಳೆಯ ಗೆಲ್ಲನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಹೂವು ನಸುನೀಲಿ, ಗೊಂಚಲಾಗಿ ಗೆಲ್ಲಿನ ತುದಿಯಲ್ಲಿ.

ನರ್ಸರಿಗಳಲ್ಲಿ ಸಿಗುವ, ಎಲೆಯ ಅಡಿಭಾಗ ನೇರಳೆಯಾಗಿರುವ ಅಲಂಕಾರದ ಗಿಡ ಇದರ ದಾಯಾದಿ, ಇದಲ್ಲ. ಕರಿನೆಕ್ಕಿಯಂತೂ ಹೆಸರಿಗಷ್ಟೇ ನೆಕ್ಕಿ. ಅದರ ಎಲೆ ಬಿಡಿಬಿಡಿ, ಈಟಿಯ ಹಾಗೆ ಉದ್ದ. ಅದು ಆಡುಸೋಗೆಯ ಬಳಗದ್ದು. ಇಷ್ಟಾದ ಮೇಲೂ ಅನುಮಾನವಿದ್ದರೆ ಗೆಲ್ಲೊಂದನ್ನು ಹಿಡಿದುಕೊಂಡು ಮಂಗಳೂರಿನವರು ಪಿಲಿಕುಳ ನಿಸರ್ಗಧಾಮಕ್ಕೆ, ಉಡುಪಿಯವರು ಕುತ್ಪಾಡಿಯ ಆಯುರ್ವೇದ ಕಾಲೇಜಿಗೆ ಹೋಗಿ ತಿಳಿದವರನ್ನು ಕೇಳಬಹುದು. ಮೊಬೈಲಿನಲ್ಲಿ ಚಿತ್ರ ಕಳಿಸಿ ಕೇಳಿದರೆ ಸಾಲದು, ಚಿತ್ರಕ್ಕೆ ವಾಸನೆ ಇರುವುದಿಲ್ಲ.

ನೆಡುವುದು, ಕೊಯ್ಯುವುದು

ಇದರಷ್ಟು ಸಲೀಸಾಗಿ ಬದುಕುವ ಗಿಡ ಕಡಿಮೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೆಬ್ಬೆರಳು ಗಾತ್ರದ ಬಲಿತ ಗೆಲ್ಲನ್ನು ಒಂದೂವರೆ ಗೇಣು ಉದ್ದಕ್ಕೆ ಕಡಿದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿದರೆ ಸಾಕು. ಬಿಸಿಲು ಬೀಳುವ ಜಾಗ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ವರ್ಷಕ್ಕೊಮ್ಮೆ ಸವರದಿದ್ದರೆ ಮರವಾಗಿ ಎಲೆ ಕೈಗೆಟುಕದು.

ತೀರಾ ಚಿಗುರನ್ನೂ ಹಣ್ಣೆಲೆಯನ್ನೂ ಬಿಟ್ಟು ಗೆಲ್ಲಿನ ನಡುವಿನ ಬಲಿತ ಎಲೆಯನ್ನು ಕೊಯ್ಯಬೇಕು. 2003ರಲ್ಲಿ ಶ್ರೀಲಂಕಾದ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ, ನೆಕ್ಕಿಗೆ ಉರಿಯೂತ ಮತ್ತು ನೋವನ್ನು ತಗ್ಗಿಸುವ ಗುಣವಿದೆ ಎಂದು ಪ್ರಕಟಿಸಿದಾಗ ಬಳಸಿದ್ದೂ ಬಲಿತ ಹಸಿ ಎಲೆಯ ನೀರಿನ ಸಾರವನ್ನೇ. ಎಲೆಯಲ್ಲಿ ಹಬೆಯೊಂದಿಗೆ ಹಾರುವ ಸುಗಂಧ ತೈಲವಿದೆ, ಕ್ಯಾಸ್ಟಿಸಿನ್, ಆಗ್ನುಸೈಡ್, ಈ ಗಿಡದ ಹೆಸರನ್ನೇ ಹೊತ್ತ ನೆಗುಂಡೋಸೈಡ್ ಮುಂತಾದ ರಾಸಾಯನಿಕಗಳಿವೆ. ಆದರೆ ಇಲಿಯ ಕಾಲಿನ ಬಾವು ಇಳಿದ ಮಾತ್ರಕ್ಕೆ ನಮ್ಮ ಮೊಣಕಾಲಿನ ಸವೆತ ಸರಿಹೋಗುತ್ತದೆ ಎಂದಲ್ಲ. ಹೆದ್ದಾರಿ 66ರ ಬದಿಯಲ್ಲಿ ಹೊಗೆ ಕುಡಿದು ನಿಂತ ಗಿಡದ ಸೊಪ್ಪನ್ನು ಮಾತ್ರ ಮುಟ್ಟಬೇಡಿ.

ಹಬೆ ಮತ್ತು ಸ್ನಾನ

ಶೀತಕ್ಕೆ, ಕಟ್ಟಿದ ಮೂಗಿಗೆ ಎರಡು ಹಿಡಿ ಎಲೆಯನ್ನು ತೊಳೆದು, ಅಗಲ ಬಾಯಿಯ ಪಾತ್ರೆಯಲ್ಲಿ ಐದು ನಿಮಿಷ ಮುಚ್ಚಿ ಕುದಿಸಿ. ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲುಗಾಡದ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಮುಖವನ್ನು ಮೊಳದಷ್ಟು ದೂರದಲ್ಲಿ ಹಿಡಿಯಿರಿ. ಐದು ನಿಮಿಷ ಸಾಕು. ಮಕ್ಕಳಿಗೆ ಹಬೆ ಬೇಡ. ಪಾತ್ರೆ ಮಗುಚಿ ಸುಟ್ಟುಕೊಂಡರೆ ಶೀತಕ್ಕಿಂತ ನೂರು ಪಾಲು ದೊಡ್ಡ ಸಂಕಟ.

ಸ್ನಾನಕ್ಕಾದರೆ ಹಂಡೆಗೆ ನಾಲ್ಕು ಗೆಲ್ಲು ಹಾಕಿ ನೀರು ಕಾಯಿಸಿದರಾಯಿತು. ಹಂಡೆ ಇಲ್ಲದವರು ಬೇರೆ ಪಾತ್ರೆಯಲ್ಲಿ ಕುದಿಸಿ ಸೋಸಿ ಬಕೆಟಿಗೆ ಬೆರೆಸಬಹುದು. ಮೈಕೈ ನೋವು ಹಗುರಾಗುವುದರಲ್ಲಿ ಶಾಖದ ಪಾಲೆಷ್ಟು, ಸೊಪ್ಪಿನ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ, ಶಾಖಕ್ಕೆ ಅರ್ಧಕ್ಕಿಂತ ಹೆಚ್ಚು ಕೊಡುವವಳು ನಾನು.

ನಮ್ಮೂರಿನ ಮಳೆಗಾಲದ ಜ್ವರವನ್ನು ನೆಕ್ಕಿಗೆ ಒಪ್ಪಿಸಿ ಕೂರಬೇಡಿ. ಅದು ಮಲೇರಿಯಾ, ಡೆಂಗಿ ಅಥವಾ ಇಲಿಜ್ವರ ಆಗಿರಬಹುದು. ಜ್ವರ ಬಂದರೆ ಮೊದಲು ರಕ್ತಪರೀಕ್ಷೆ, ಆಮೇಲೆ ಬೇಕಿದ್ದರೆ ಸೊಪ್ಪಿನ ನೀರು.

ಕಿಳಿ ಕಟ್ಟುವುದು

ಸೊಂಟ, ಭುಜ ಹಿಡಿದುಕೊಂಡಾಗ ಕಿಳಿ, ಅಂದರೆ ಸೊಪ್ಪು ಕಟ್ಟಿದ ಬಿಸಿ ಗಂಟಿನ ಶಾಖ, ಒಳ್ಳೆಯದು. ಹೆಚ್ಚಿದ ನೆಕ್ಕಿ ಸೊಪ್ಪು ನಾಲ್ಕು ಹಿಡಿ, ತೆಂಗಿನ ತುರಿ ಒಂದು ಹಿಡಿ. ಎರಡು ಚಮಚ ಎಳ್ಳೆಣ್ಣೆಯಲ್ಲಿ ಸೊಪ್ಪಿನ ಹಸಿ ಹೋಗುವವರೆಗೆ ಹುರಿದು, ಹಳೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ನೈಲಾನ್ ಸೀರೆಯ ತುಂಡು ಕಾವಲಿಗೆ ಅಂಟಿ ಕರಗುತ್ತದೆ, ನನಗಾದ ಅನುಭವ. ಗಂಟನ್ನು ಕಾವಲಿಯ ಮೇಲೆ ಬಿಸಿ ಮಾಡಿ, ಮೊದಲು ನಿಮ್ಮದೇ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿ, ತಡೆಯುವಷ್ಟು ಬಿಸಿ ಇದ್ದರೆ ಮಾತ್ರ ನೋವಿನ ಜಾಗಕ್ಕೆ ಇಡಿ. ಕೆಂಪೇರಿ ಬಿಸಿಯಾಗಿ ಊದಿದ ಕೀಲಿಗೆ ಶಾಖ ಕೊಡಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಪಾದಕ್ಕೆ ಕಿಳಿ ಬೇಡವೇ ಬೇಡ, ಸುಟ್ಟರೂ ತಿಳಿಯದು.

ಎಣ್ಣೆ ಕಾಯಿಸುವುದು

ತಾಳ್ಮೆ ಇಲ್ಲದವರು ಈ ಭಾಗವನ್ನು ಓದದೆ ಅಂಗಡಿಯಿಂದಲೇ ಕೊಳ್ಳುವುದು ಲೇಸು. ಆಯುರ್ವೇದದ ಸಾಮಾನ್ಯ ಲೆಕ್ಕ ಹೀಗೆ: ಅರೆದ ಸೊಪ್ಪು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಹದಿನಾರು ಪಾಲು. 100 ಮಿಲಿ ಎಣ್ಣೆಗೆ ಸುಮಾರು 25 ಗ್ರಾಂ ಅರೆದ ಸೊಪ್ಪು, 400 ಮಿಲಿ ರಸ. ನೆಕ್ಕಿ ರಸ ಬಿಡುವುದರಲ್ಲಿ ಮಹಾ ಜಿಪುಣ, ತುಸು ನೀರು ಚಿಮುಕಿಸಿ ರುಬ್ಬಿ ಹಿಂಡದಿದ್ದರೆ ಬುಟ್ಟಿ ಸೊಪ್ಪು ಖಾಲಿಯಾದರೂ ಲೋಟ ತುಂಬದು. ಹಾಗಾಗಿ ಮೊದಲ ಸಲ 100 ಮಿಲಿಗಿಂತ ಹೆಚ್ಚು ಕಾಯಿಸುವ ಆಸೆ ಬೇಡ.

ಎಳ್ಳೆಣ್ಣೆಯೇ ಶಾಸ್ತ್ರದ್ದು. ನಮ್ಮ ಕಡೆ ತೆಂಗಿನೆಣ್ಣೆಯಲ್ಲಿ ಮಾಡುವವರೂ ಇದ್ದಾರೆ. ದಪ್ಪ ತಳದ ಉರುಳಿಯಲ್ಲಿ ಎಣ್ಣೆ, ರಸ, ಅರೆದ ಸೊಪ್ಪು ಮೂರನ್ನೂ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿಡಿ. ಪಾತ್ರೆಯ ಅರ್ಧ ಖಾಲಿ ಇರಲಿ, ಉಕ್ಕುತ್ತದೆ. ಗಂಟೆಗಟ್ಟಲೆ ಕೈಯಾಡಿಸುತ್ತಿರಬೇಕು, ಇಲ್ಲವಾದರೆ ಸೊಪ್ಪು ತಳ ಹಿಡಿದು ಎಣ್ಣೆಯೆಲ್ಲ ಸೀದ ವಾಸನೆ.

ಹದ ಬಂದಿತೇ ಎಂದು ನೋಡಲು ಹಳಬರ ಮೂರು ಪರೀಕ್ಷೆಗಳಿವೆ. ಎಣ್ಣೆಯ ಮೇಲೆ ಹೊಸದಾಗಿ ನೊರೆ ಏಳುತ್ತದೆ (ತುಪ್ಪವಾದರೆ ಉಲ್ಟಾ, ನೊರೆ ಅಡಗುತ್ತದೆ). ತಳದ ಸೊಪ್ಪನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗುತ್ತದೆ. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಪಟ ಸದ್ದಿಲ್ಲದೆ ಉರಿಯುತ್ತದೆ. ಸದ್ದು ಬಂದರೆ ನೀರು ಉಳಿದಿದೆ ಎಂದರ್ಥ, ನೀರು ಉಳಿದ ಎಣ್ಣೆ ನಮ್ಮ ಆಟಿಯ ತೇವದಲ್ಲಿ ಬೂಸ್ಟು ಹಿಡಿಯದೆ ಬಿಡದು. ಸದ್ದು ನಿಂತೊಡನೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ತಣಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ತಾರೀಕು ಬರೆದಿಡಿ. ಮೊದಲ ಬಳಕೆಗೆ ಮೊಣಕೈ ಒಳಭಾಗಕ್ಕೆ ಒಂದು ಹನಿ ಸವರಿ ಒಂದು ದಿನ ಕಾಯಿರಿ. ತುರಿಸಿದರೆ ಆ ಎಣ್ಣೆ ನಿಮಗಲ್ಲ.

ಕುಡಿಯಬಹುದೇ?

ಎಲ್ಲರೂ ಕೇಳುವ ಪ್ರಶ್ನೆ. ಮನೆಮದ್ದಾಗಿ ಬೇಡ ಎಂದೇ ನನ್ನ ಉತ್ತರ. ಫಿಲಿಪ್ಪೀನ್ಸ್‌ನಲ್ಲಿ ಇದೇ ಗಿಡಕ್ಕೆ ಲಗುಂಡಿ ಎನ್ನುತ್ತಾರೆ (ನಿರ್ಗುಂಡಿಯ ಪ್ರತಿಧ್ವನಿ ಕೇಳಿಸಿತೇ?). ಅಲ್ಲಿನ ಆರೋಗ್ಯ ಇಲಾಖೆ ಶಿಫಾರಸು ಮಾಡಿದ ಹತ್ತು ಔಷಧ ಸಸ್ಯಗಳಲ್ಲಿ ಅದೂ ಒಂದು, ಕೆಮ್ಮಿಗೆ ಅದರ ಮಾತ್ರೆ, ಸಿರಪ್ ಔಷಧದಂಗಡಿಯಲ್ಲೇ ಸಿಗುತ್ತವೆ. ಅಲ್ಲಿ ಮಾತ್ರೆಗೊಂದು ಪ್ರಮಾಣವಿದೆ. ನಮ್ಮ ಹಿಡಿಗೆ ಅದಿಲ್ಲ, ನಿಮ್ಮ ಹಿಡಿ ಬೇರೆ, ನನ್ನ ಹಿಡಿ ಬೇರೆ, ಆಟಿಯ ಎಲೆ ಬೇರೆ, ಸುಗ್ಗಿಯ ಎಲೆ ಬೇರೆ. ಇದೇ ಕುಲದ ಯುರೋಪಿನ ಗಿಡವೊಂದು ಹೆಂಗಸರ ಹಾರ್ಮೋನುಗಳ ಮೇಲೆ ಪರಿಣಾಮ ಬೀರುವುದರಿಂದ ಗರ್ಭಿಣಿಯರು, ಹಾಲೂಡಿಸುವವರು ನೆಕ್ಕಿಯ ಕಷಾಯದಿಂದ ದೂರವಿರುವುದೇ ಕ್ಷೇಮ. ಉಳಿದವರು ವೈದ್ಯರು ಬರೆದುಕೊಟ್ಟರೆ ಮಾತ್ರ ಕುಡಿಯಲಿ, ಬೇರೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ಹೇಳಲಿ.

ಬೇಲಿ ಸವರಿದಾಗ ಉಳಿಯುವ ಗೆಲ್ಲುಗಳನ್ನು ನೆರಳಲ್ಲಿ ಒಣಗಿಸಿಡಿ. ಒಣಗಿದ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಅಕ್ಕಿಯ ಡಬ್ಬಿಗೆ ಹಾಕಿದರೆ ಹುಳುವಿನ ಕಾಟ ಕಡಿಮೆ. ಮುಸ್ಸಂಜೆ ದನದ ಕೊಟ್ಟಿಗೆಯ ಬಾಗಿಲಲ್ಲಿ ಕೆಂಡದ ಮೇಲೆ ಒಂದು ಹಿಡಿ ಹಾಕಿದರೆ ಸೊಳ್ಳೆ ಅತ್ತ ಸುಳಿಯುವುದು ತಗ್ಗುತ್ತದೆ. ಮನೆಯೊಳಗೆ ದಮ್ಮಿನವರಿದ್ದರೆ ಹೊಗೆಯನ್ನು ಕೊಟ್ಟಿಗೆಯಿಂದ ಆಚೆ ತರಬೇಡಿ.