ಲೆಕ್ಕ ಬೇಡ, ಜೆಸಿಬಿ ಬೇಕು ಅನ್ನುವವರಿಗೆ

ಗಣಿತದಲ್ಲಿ ಒದ್ದಾಡಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರಿಗೆ ನಮ್ಮ ಕಲಬುರಗಿ ಕಡೆ ಸಿಗುವ ಸಲಹೆ ಒಂದೇ: ‘ಯಾವ್ದಾದ್ರೂ ಗಾಡಿ ಕಲಿ’. ಯಾವ ಗಾಡಿ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅಲ್ಲೇ ಇರುವುದು ತೊಡಕು.

ಮೊದಲು ಯಂತ್ರ ಆರಿಸಿ. ಕ್ರೇನ್ ಬೇಡ. ಬೂಮ್, ಅಂದರೆ ಭಾರ ಎತ್ತುವ ಉದ್ದನೆಯ ತೋಳು, ಎಷ್ಟು ಚಾಚಿದೆ, ಭಾರ ಎಷ್ಟು ದೂರದಲ್ಲಿದೆ ಅಂತ ಲೋಡ್ ಚಾರ್ಟ್ ನೋಡದೆ ಎತ್ತಿದರೆ ಕ್ರೇನೇ ಮಗುಚಬಹುದು. ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಸಿಎನ್‌ಸಿ ಲೇಥ್ ಕೂಡ ಬೇಡ, ಅಲ್ಲಿ ದಿನವಿಡೀ ಅಳತೆಯದೇ ಕೆಲಸ. ಜೆಸಿಬಿ, ರೋಡ್ ರೋಲರ್, ಭತ್ತ ಕೊಯ್ಯುವ ಹಾರ್ವೆಸ್ಟರ್, ಯಾವ ಕಂಪನಿಯದಾದರೂ ಜನ ‘ಹಿಟಾಚಿ’ ಅನ್ನುವ ಎಕ್ಸ್‌ಕವೇಟರ್ ನಿಮಗೆ ಸರಿ. ಇವುಗಳಿಗೆ ಬೇಕಿರುವುದು ಕಣ್ಣಂದಾಜು, ಕೈಹದ. ಸೇಡಂ, ಚಿತ್ತಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಕಲ್ಲಿನ ಗಣಿಗಳಿವೆ. ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತಕ್ಕೆ ಹಾರ್ವೆಸ್ಟರ್ ಬೇಕೇ ಬೇಕು.

ಐಟಿಐ ಸೇರುವುದಾದರೆ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಕೋರ್ಸು. ಅಲ್ಲೂ ವರ್ಕ್‌ಶಾಪ್ ಲೆಕ್ಕದ ಪಾಠ ಇರುತ್ತದೆ, ಗೊತ್ತಿರಲಿ.

ಆಮೇಲೆ ಒಬ್ಬ ಒಳ್ಳೆಯ ಉಸ್ತಾದ್ ಹತ್ತಿರ ಹೆಲ್ಪರ್ ಆಗಿ ಸೇರಿ. ನನ್ನ ಪ್ರಕಾರ ನಿಜವಾದ ಶಾಲೆ ಇದೇ. ಸೀಟು ಬೇಗ ಸಿಗುವುದಿಲ್ಲ, ಮೊದಲು ಕೈಗೆ ಬರುವುದು ಗ್ರೀಸ್ ಗನ್. ಬೇಜಾರಾಗಬೇಡಿ. ಗ್ರೀಸ್ ಹಾಕುತ್ತಾ ಪಿನ್ನು, ಬುಷ್ಷು, ಪೈಪು ಎಲ್ಲ ಎಲ್ಲೆಲ್ಲಿವೆ ಅಂತ ತಾನಾಗೇ ಗೊತ್ತಾಗುತ್ತದೆ. ಹೈಡ್ರಾಲಿಕ್ ಪೈಪಿನಲ್ಲಿ ಎಣ್ಣೆ ಸೋರುತ್ತಿದೆ ಅನಿಸಿದರೆ ಬೆರಳಿಟ್ಟು ಹುಡುಕಲೇಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಎಂಜಿನ್ ಬಂದ್ ಮಾಡಿ, ಒತ್ತಡ ಇಳಿಸಿ, ಮೆಕ್ಯಾನಿಕ್‌ಗೆ ಹೇಳಿ. ಗಾಡಿ ಶುರುವಿದ್ದಾಗ ಹೆಗಲ ಮೇಲೆ ಟವೆಲ್ ಬೇಡ, ಲುಂಗಿಯಂತೂ ಬೇಡವೇ ಬೇಡ.

ಉಸ್ತಾದ್ ಸೀಟು ಬಿಟ್ಟುಕೊಟ್ಟ ದಿನ ಖಾಲಿ ಜಾಗದಲ್ಲಿ ಮಣ್ಣು ಅಗೆದು, ಅದೇ ಗುಂಡಿ ಮುಚ್ಚಿ. ಈಗಿನ ಹಿಟಾಚಿಗಳಲ್ಲಿ ಸಾಮಾನ್ಯವಾಗಿ ಎಡಗೈ ಕಡ್ಡಿ ಗಾಡಿಯ ಮೈ ತಿರುಗಿಸುತ್ತದೆ, ಬಕೆಟ್ ಕಡೆಯ ತೋಳು ಚಾಚುತ್ತದೆ. ಬಲಗೈಯದು ಬುಡದ ದೊಡ್ಡ ತೋಳಾದ ಬೂಮು, ಬಕೆಟ್ಟು. ಎರಡೂ ಕೈ ಒಟ್ಟಿಗೆ ಓಡುವವರೆಗೆ ಅವಸರ ಬೇಡ. ಮಳೆ ಬಿದ್ದ ಎರೆ ಹೊಲಕ್ಕೆ ಜೆಸಿಬಿ ಇಳಿಸುವ ಮುಂಚೆ ಒಮ್ಮೆ ನಡೆದು ನೋಡಿ. ನಿಮ್ಮ ಚಪ್ಪಲಿ ಹೂತರೆ ಗಾಡಿಯೂ ಹೂಳುತ್ತದೆ. ಅಗೆಯುವ ಮುಂಚೆ ತಲೆ ಮೇಲಿನ ಕರೆಂಟ್ ವೈರನ್ನೂ ನೋಡಿ.

ಲೈಸೆನ್ಸ್ ಕೆಲಸ ಇದರ ಜೊತೆಗೇ ನಡೆಯಲಿ. ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, 18 ವರ್ಷ ಆಗಿರಬೇಕು. ಅದು 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡ್ರೈವಿಂಗ್ ಪರೀಕ್ಷೆ ಕೊಡಬಹುದು. ಬಾಡಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು. ನೀವು ಓಡಿಸುವ ಗಾಡಿಗೆ ಯಾವ ಲೈಸೆನ್ಸ್ ಅಂತ ಆರ್‌ಟಿಒ ಕಚೇರಿಯಲ್ಲೇ ಕೇಳಿ, ಏಜೆಂಟರ ಮಾತು ನಂಬಿ ಕೂರಬೇಡಿ.

ಇನ್ನು ತಪ್ಪಿಸಿಕೊಳ್ಳಲಾಗದ ಒಂದು ಅಂಕಿ ಇದೆ, ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್. ಬಾಡಿಗೆಯೂ ಸರ್ವಿಸೂ ಅದರ ಮೇಲೆಯೇ. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೊ ತೆಗೆದು ಮಾಲೀಕರ ವಾಟ್ಸ್‌ಆ್ಯಪ್‌ಗೆ ಹಾಕಿ. ಕಳೆಯುವ ಲೆಕ್ಕ ಅವರೇ ಮಾಡಿಕೊಳ್ಳಲಿ!